ಎರಿ ಮಣ್ಣಿನ ಪೋರ್ಷೆ

ಪೋರ್ಷೆ 911 ಅಂದ ತಕ್ಷಣ ನಿಮ್ಮ ಕಣ್ಣಿಗೆ ಏನು ಬರುತ್ತೆ? ಕಪ್ಪೆ ಕಣ್ಣಿನಂಥ ಎರಡು ದುಂಡನೆಯ ಹೆಡ್‌ಲೈಟು, ಹಿಂದಕ್ಕೆ ಜಾರಿದ ಬೆನ್ನು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತ ಭಂಗಿ. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಒಂದು ಹಾದುಹೋದರೆ ಸಿಗ್ನಲ್‌ನಲ್ಲಿ ನಿಂತವರೆಲ್ಲರ ಮೊಬೈಲು ಮೇಲೇಳುತ್ತೆ. ಸ್ಪೀಡ್ ಬ್ರೇಕರ್ ಬಂದಾಗ ಮಾತ್ರ ಅದೇ ಕಾರು ತಲೆ ಮೇಲೆ ಗಾಜಿನ ಬಳೆ ಹೊತ್ತ ಬಳೆಗಾರನ ಹಾಗೆ ಅಡ್ಡಡ್ಡ ನಡೆಯುತ್ತೆ. ಹಿಂದಿನ ಆಟೋದವನು ಹಾರ್ನ್ ಹೊಡೀತಾನೆ.

ನಾನು ಆ ಕಾರಿಗೆ ಮರುಳಾಗಿದ್ದು ಆ ಭಂಗಿಗಲ್ಲ. ಕೀನ್ಯಾದಲ್ಲಿ ನಡೆದ 1978ರ ಸಫಾರಿ ರ‍್ಯಾಲಿಯ ಫೋಟೊಗಳಿಗೆ. ಬಿಳಿ ಬಣ್ಣದ 911, ಮೈಮೇಲೆ ಮಾರ್ಟಿನಿ ಕಂಪನಿಯ ನೀಲಿ-ಕೆಂಪು ಪಟ್ಟಿಗಳು, ಕಾರು ಮಾಮೂಲಿಗಿಂತ ಎಷ್ಟೋ ಎತ್ತರಕ್ಕೆ ಎದ್ದು ನಿಂತಿದೆ. ಪಂಚೆ ಎತ್ತಿ ಕಟ್ಟಿಕೊಂಡು ಹಳ್ಳ ದಾಟುವ ಹಿರಿಯರ ಹಾಗೆ. ಕಿಟಕಿಯವರೆಗೂ ರಾಡಿ. ಎಲ್ಲರೂ ಕಾರನ್ನ ನೋಡಿದರೆ ನಾನು ನೋಡಿದ್ದು ಆ ರಾಡಿಯನ್ನ. ಯಾಕಂದ್ರೆ ಅದು ನನಗೆ ಪರಿಚಯದ ರಾಡಿ.

ಸಫಾರಿ ರ‍್ಯಾಲಿ ಬಗ್ಗೆ ಓದಿದರೆ ಒಂದು ಮಾತು ಪದೇ ಪದೇ ಬರುತ್ತೆ: ಬ್ಲ್ಯಾಕ್ ಕಾಟನ್ ಸಾಯಿಲ್. ಕಪ್ಪು ಹತ್ತಿ ಮಣ್ಣು. ಆ ಹೆಸರು ಹುಟ್ಟಿದ್ದು ನಮ್ಮ ಕಡೆಯ ಹತ್ತಿ ಹೊಲಗಳನ್ನ ನೋಡಿದ ಬ್ರಿಟಿಷರಿಂದ. ಅದನ್ನೇ ಅವರು ಆಫ್ರಿಕಾಕ್ಕೂ ಹೊತ್ತುಕೊಂಡು ಹೋದರು. ಅಲ್ಲಿ ಹತ್ತಿ ಬೆಳೆಯದ ಜಾಗದಲ್ಲೂ ಆ ಮಣ್ಣಿಗೆ ಅದೇ ಹೆಸರು. ನಮ್ಮಲ್ಲಿ ಅದಕ್ಕೆ ಎರಿ ಅಂತೀವಿ. ಮಲಪ್ರಭೆಯ ದಂಡೆಯ ಮೇಲಿರುವ ನನ್ನೂರು ಹೊಳೆಮಣ್ಣೂರಿನಲ್ಲಿ ಬಿಳಿಜೋಳ, ಕಡಲೆ, ಹತ್ತಿ ಎಲ್ಲಾ ಬೆಳೆಯೋದು ಈ ಎರಿಯಲ್ಲೇ. ಬ್ಯಾಸಗಿಯಲ್ಲಿ ಅದು ಕಾಲು ತೂರುವಷ್ಟು ಬಿರುಕು ಬಿಡುತ್ತೆ. ನಾವು ಸಣ್ಣವರಿದ್ದಾಗ ಆ ಬಿರುಕಿನೊಳಗೆ ಗೋಲಿ ಬಿದ್ದರೆ ಹೋಯಿತು ಅಂತಲೇ ಲೆಕ್ಕ. ಮಳೆ ಬಿತ್ತೋ, ಮಣ್ಣು ನೀರು ಕುಡಿದು ಉಬ್ಬಿ ಬಿರುಕುಗಳನ್ನೆಲ್ಲ ತಾನೇ ಮುಚ್ಚಿಕೊಳ್ಳುತ್ತೆ. ಮಣ್ಣಿನ ವಿಜ್ಞಾನದವರು ಈ ಜಾತಿಗೆ ವರ್ಟಿಸಾಲ್ ಅಂತ ಹೆಸರಿಟ್ಟಿದ್ದಾರೆ, ತನ್ನನ್ನು ತಾನೇ ಮಗುಚಿಕೊಳ್ಳುವ ಮಣ್ಣು ಅನ್ನೋ ಅರ್ಥದಲ್ಲಿ. ಇದರ ಜೇಡಿಯ ಕಣಗಳು ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿರುತ್ತವೆ. ನೀರು ಆ ಪದರಗಳ ನಡುವೆ ಹೊಕ್ಕು ಅವನ್ನ ದೂರ ತಳ್ಳುತ್ತೆ. ಅದಕ್ಕೇ ಉಬ್ಬೋದು, ಅದಕ್ಕೇ ಅಂಟೋದು.

ಅಂಟೋದು ಅಂದ್ರೆ ಎಂಥಾ ಅಂಟು ಅಂತ ಎರಿ ಸೀಮೆಯ ಸೈಕಲ್ ಹೊಡೆದವರನ್ನ ಕೇಳಬೇಕು. ಹೈಸ್ಕೂಲಿಗೆ ಹೋಗುವಾಗ ಮಳೆಗಾಲದ ಹೊಲದ ದಾರಿಯಲ್ಲಿ ನೂರು ಹೆಜ್ಜೆ ತಳ್ಳಿದರೆ ಸಾಕು, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಗಿಡಿದು ಗಾಲಿ ತಿರುಗೋದೇ ನಿಂತುಬಿಡುತ್ತೆ. ಜಾಲಿ ಕಡ್ಡಿ ತಗೊಂಡು ಕೆತ್ತಬೇಕು, ಮತ್ತೆ ನೂರು ಹೆಜ್ಜೆ, ಮತ್ತೆ ಕೆತ್ತಬೇಕು. ಕೊನೆಗೆ ಸಿಟ್ಟು ಬಂದು ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತುಕೊಂಡು ಹೋಗೋದು. ನಮ್ಮನ್ನ ಸೈಕಲ್ ಹೊರಬೇಕೋ ಸೈಕಲ್ಲನ್ನ ನಾವೇ ಹೊರಬೇಕೋ ಅಂತ ದಾರಿಯಲ್ಲಿ ಸಿಕ್ಕ ಹಿರಿಯರು ನಗೋರು. ಅದಕ್ಕೆ ಮೃಗಶಿರಾ ಮಳೆ ಬರೋ ಹೊತ್ತಿಗೆ ನಾವು ಹುಡುಗರೆಲ್ಲ ಎರಡೂ ಮಡ್‌ಗಾರ್ಡ್ ಬಿಚ್ಚಿ ಅಟ್ಟಕ್ಕೆ ಎಸೀತಿದ್ವಿ. ಬೆನ್ನಿಗೆಲ್ಲ ರಾಡಿ ಸಿಡಿದು ಅವ್ವನ ಕಡೆ ಬೈಸಿಕೊಂಡರೂ ಗಾಲಿ ಮಾತ್ರ ತಿರುಗುತ್ತಿತ್ತು.

ಪೋರ್ಷೆಯವರು ಸಫಾರಿಗೆ ಮಾಡಿದ ಬದಲಾವಣೆಗಳಲ್ಲಿ ಮೊದಲನೆಯದು ನಮ್ಮ ಈ ಬುದ್ಧಿಯೇ. ಕಾರನ್ನ ಎತ್ತರಿಸಿ ಹೊಟ್ಟೆಗೂ ನೆಲಕ್ಕೂ ನಡುವೆ ಸುಮಾರು 28 ಸೆಂಟಿಮೀಟರ್ ಜಾಗ ಮಾಡಿದರು. ಹಾಗೆ ಮಾಡಿದರೆ ಕಲ್ಲು ತಪ್ಪೋದು ಅಷ್ಟೇ ಅಲ್ಲ, ಗಾಲಿಗೂ ಅದರ ಮೇಲಿನ ಕಮಾನಿಗೂ ನಡುವೆ ಮಣ್ಣು ಗಿಡಿಯದಷ್ಟು ಸಂದು ಬಿಡುತ್ತೆ. ತಳಕ್ಕೆ ಅಲ್ಯೂಮಿನಿಯಂ ತಗಡಿನ ಕವಚ ಹಾಕಿದರು. ರಸ್ತೆ ರೇಸಿನ ಅಗಲ ಟೈರು ತೆಗೆದು ಸಣ್ಣ ಟೈರು ಕೊಟ್ಟರು. ಆಗೆಲ್ಲ ಕೀನ್ಯಾದ ರ‍್ಯಾಲಿ ನಡೀತಿದ್ದದ್ದು ಈಸ್ಟರ್ ಹೊತ್ತಿಗೆ, ಅಲ್ಲಿನ ದೊಡ್ಡ ಮಳೆಗಾಲದಲ್ಲಿ, ಸುಮಾರು 5,000 ಕಿಲೋಮೀಟರ್. ಆ ವರ್ಷ ಕೀನ್ಯಾದವನೇ ಆದ ವಿಕ್ ಪ್ರೆಸ್ಟನ್ ಜೂನಿಯರ್ 911ರಲ್ಲಿ ಎರಡನೆಯವನಾದ, ಸ್ವೀಡನ್ನಿನ ಬ್ಯೋರ್ನ್ ವಾಲ್ಡೆಗಾರ್ಡ್ ನಾಲ್ಕನೆಯವನಾದ. ಗೆದ್ದದ್ದು ಪೂಜೊ ಕಾರು. ಅಲ್ಲಿನ ಸಫಾರಿಯ ದೊಡ್ಡ ಹೆಸರುಗಳಲ್ಲಿ ಒಂದು ನಮ್ಮವರದೇ, ಜೋಗಿಂದರ್ ಸಿಂಗ್. ಕೀನ್ಯಾದಲ್ಲಿ ಹುಟ್ಟಿದ ಸಿಖ್ಖರು. 1965ರಲ್ಲಿ ಬಳಸಿ ಬಿಟ್ಟ ಹಳೆಯ ವೋಲ್ವೊ ಒಂದರಲ್ಲಿ, ತಮ್ಮನನ್ನ ಪಕ್ಕಕ್ಕೆ ಕೂರಿಸಿಕೊಂಡು ಗೆದ್ದರು. ಆಮೇಲೆ 1974 ಮತ್ತು 1976ರಲ್ಲಿ ಮಿತ್ಸುಬಿಷಿ ಲ್ಯಾನ್ಸರ್‌ನಲ್ಲಿ ಮತ್ತೆರಡು ಸಲ.

ಅಂದಹಾಗೆ 911 ನಮ್ಮ ದೇಶದ ರಸ್ತೆ ಮೇಲೂ ರ‍್ಯಾಲಿ ಓಡಿದೆ. 1968ರ ಲಂಡನ್–ಸಿಡ್ನಿ ಮ್ಯಾರಥಾನ್ ಅಫ್ಘಾನಿಸ್ತಾನ ದಾಟಿ, ಲಾಹೋರ್ ದಾಟಿ, ದಿಲ್ಲಿಯಿಂದ ಬೊಂಬಾಯಿಗೆ ಬಂತು. ಅಲ್ಲಿಂದ ಕಾರುಗಳೆಲ್ಲ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದವು. ಪೋಲೆಂಡಿನ ಸೊಬಿಯೆಸ್ಲಾವ್ ಜಸಾದಾ ಓಡಿಸಿದ 911 ಕೊನೆಗೆ ನಾಲ್ಕನೆಯದಾಗಿ ಸಿಡ್ನಿ ಮುಟ್ಟಿತು. ಆ ಕಾಲದ ದಿಲ್ಲಿ–ಬೊಂಬಾಯಿ ರಸ್ತೆ ಬಂದಿದ್ದ ಕಾರಿಗೆ ಮರುಭೂಮಿ ಏನು ಮಹಾ ಅನ್ನಿ.

ಸ್ಪೋರ್ಟ್ಸ್ ಕಾರು ಇಂಥ ಕೆಲಸಕ್ಕೆ ಬರುತ್ತೆ ಅನ್ನೋದೇ ವಿಚಿತ್ರ. ಆದರೆ 911ರ ಹುಟ್ಟಿನಲ್ಲೇ ಎರಡು ಗುಣ ಇವೆ. ಒಂದು, ಅದರ ಇಂಜಿನ್ ಇರೋದು ಹಿಂದೆ, ಹಿಂದಿನ ಗಾಲಿಗಳಿಗಿಂತಲೂ ಹಿಂದೆ. ತಳ್ಳೋ ಗಾಲಿಯ ಮೇಲೇ ಭಾರ ಇದ್ದರೆ ಸಡಿಲ ನೆಲದಲ್ಲಿ ಹಿಡಿತ ಸಿಗುತ್ತೆ. ಟ್ರ್ಯಾಕ್ಟರಿನ ದೊಡ್ಡ ಗಾಲಿಗಳೂ ಭಾರವೂ ಹಿಂದಿರೋದು ಅದಕ್ಕೇ. ಎರಡು, ಅದರ ಹಳೆಯ ಇಂಜಿನ್ನುಗಳು ಗಾಳಿಯಿಂದ ತಣ್ಣಗಾಗುವಂಥವು. ರೇಡಿಯೇಟರ್ ಇಲ್ಲ, ಮರುಭೂಮಿಯಲ್ಲಿ ಕುದ್ದು ಉಕ್ಕುವ ನೀರಿಲ್ಲ.

ಈ ಎರಡನೆಯ ಗುಣವನ್ನ ನಮ್ಮ ಕಾಕಾಗೆ ಹೇಳಿದಾಗ ಆತ ಮುಖ ಮೇಲೆತ್ತಲೇ ಇಲ್ಲ. "ನಮ್ಮ ಐಷರ್‌ದಾಗೂ ನೀರಿಲ್ಲಲಾ" ಅಂದ. ನಿಜ. ಕಾಕಾನ ಮೊದಲ ಟ್ರ್ಯಾಕ್ಟರು ಹಳೆಯ ಐಷರ್, ಡಗ್ ಡಗ್ ಅಂತ ಊರಿಗೆಲ್ಲ ಕೇಳಿಸೋದು, ಗಾಳಿಯಿಂದಲೇ ತಣ್ಣಗಾಗೋದು. ಆ ಐಷರ್ ಕಂಪನಿಯ ಮೂಲವೂ ಜರ್ಮನಿಯೇ, 1959ರಲ್ಲಿ ಫರೀದಾಬಾದಿಗೆ ಬಂದದ್ದು. "ಪೋರ್ಷೆಯವರೂ ಒಂದು ಕಾಲಕ್ಕ ಟ್ರ್ಯಾಕ್ಟರ್ ಮಾಡತಿದ್ರು ಕಾಕಾ" ಅಂದೆ. 1956ರಿಂದ 1963ರವರೆಗೆ ಪೋರ್ಷೆ ಡೀಸೆಲ್ ಅನ್ನೋ ಹೆಸರಲ್ಲಿ ಕೆಂಪು ಬಣ್ಣದ ಟ್ರ್ಯಾಕ್ಟರುಗಳು ಬರ್ತಿದ್ದವು, ಫರ್ಡಿನಾಂಡ್ ಪೋರ್ಷೆಯ ವಿನ್ಯಾಸದವು, ಅವೂ ಗಾಳಿಯಿಂದ ತಣ್ಣಗಾಗುವಂಥವೇ. ಆಗ ಮುಖ ಎತ್ತಿದ. "ಹಂಗಾರ ಬಿಟ್ಟದ್ಯಾಕ? ಚಲೋ ಧಂದೆ ಇತ್ತಲ್ಲ?"

ಮರುಭೂಮಿಯ ಕಥೆ ಶುರುವಾಗೋದು ಒಬ್ಬ ದಾರಿ ತಪ್ಪಿದವನಿಂದ. 1977ರಲ್ಲಿ ಥಿಯರಿ ಸಬೀನ್ ಅನ್ನೋ ಫ್ರೆಂಚ್ ಬೈಕ್ ಸವಾರ ರ‍್ಯಾಲಿಯೊಂದರ ನಡುವೆ ಲಿಬಿಯಾದ ಮರುಭೂಮಿಯಲ್ಲಿ ಕಳೆದುಹೋದ. ಹೇಗೋ ಬದುಕಿ ಬಂದವನು ಸುಮ್ಮನೆ ಮನೆಯಲ್ಲಿ ಕೂರಬೇಕೋ ಬೇಡವೋ, ಎಲ್ಲರನ್ನೂ ಅಲ್ಲಿಗೆ ಕರಕೊಂಡು ಹೋಗ್ತೀನಿ ಅಂತ ಹೊರಟ. 1978ರ ಡಿಸೆಂಬರ್ 26ಕ್ಕೆ ಮೊದಲ ಪ್ಯಾರಿಸ್–ಡಕಾರ್ ರ‍್ಯಾಲಿ ಹೊರಟಿತು. ಕೆಲವೇ ವರ್ಷಗಳಲ್ಲಿ ದೊಡ್ಡ ಕಂಪನಿಗಳೆಲ್ಲ ಬಂದವು. ಬೆಲ್ಜಿಯಂನ ಜಾಕಿ ಇಕ್ಸ್, ಲೆ ಮಾನ್ಸ್ ರೇಸನ್ನ ಆರು ಸಲ ಗೆದ್ದವನು, 1983ರ ಡಕಾರನ್ನ ಮರ್ಸಿಡಿಸ್ ಜೀಪಿನಲ್ಲಿ ಗೆದ್ದ. ಗೆದ್ದು ಬಂದು ಪೋರ್ಷೆಯವರಿಗೆ 911ನ್ನ ಅಲ್ಲಿಗೆ ಕಳಿಸೋಣ ಅಂತ ಗಂಟುಬಿದ್ದ.

ಹಾಗೆ ಹುಟ್ಟಿದ್ದು 953. ನೋಡೋಕೆ 911ರಂತೆಯೇ ಇದ್ದರೂ ಅದು ನಾಲ್ಕೂ ಗಾಲಿಗಳಿಗೆ ಶಕ್ತಿ ಹೋಗುವ 911. ನಡುವಿನ ಡಿಫರೆನ್ಷಿಯಲ್‌ನ್ನ ಚಾಲಕ ತಾನೇ ಲಾಕ್ ಮಾಡಬಹುದು. ಮುಂದಿನ ಒಂದೊಂದು ಗಾಲಿಗೆ ಎರಡೆರಡು ಶಾಕ್ ಅಬ್ಸಾರ್ಬರು. ಯಾಕೆ ಎರಡು ಅಂದ್ರೆ, ಶಾಕ್ ಅಬ್ಸಾರ್ಬರ್ ಮಾಡೋ ಕೆಲಸ ಕುಲುಕಾಟವನ್ನ ಶಾಖವಾಗಿ ಬದಲಿಸೋದು. ಗಂಟೆಗಟ್ಟಲೆ ಕುಲುಕಿದರೆ ಒಳಗಿನ ಎಣ್ಣೆ ಕಾದು ನೀರಾಗಿ ಅದು ಕೆಲಸವನ್ನೇ ಬಿಡುತ್ತೆ. ಎರಡಿದ್ದರೆ ಹೊರೆ ಹಂಚಿಹೋಗುತ್ತೆ. 270 ಲೀಟರ್ ಪೆಟ್ರೋಲ್ ಹಿಡಿಯುವ ಟ್ಯಾಂಕುಗಳು. 3.2 ಲೀಟರಿನ ಇಂಜಿನ್ನಿಗೆ ಅಲ್ಲಿ ಸಿಗಬಹುದಾದ ಕಳಪೆ ಪೆಟ್ರೋಲಿಗೂ ಹೊಂದುವಂತೆ ಬದಲಾವಣೆ.

1984ರ ಜನವರಿ 1ಕ್ಕೆ ಮೂರು 953ಗಳು ಹೊರಟವು. ಕಥೆಯ ನನ್ನಿಷ್ಟದ ಭಾಗ ಮೂರನೆಯ ಕಾರಿನದು. ಅದನ್ನ ಓಡಿಸಿದವನು ರೋಲಾಂಡ್ ಕುಸ್‌ಮೌಲ್, ಪೋರ್ಷೆಯ ಇಂಜಿನಿಯರು, ಈ ಕಾರುಗಳನ್ನ ರೂಪಿಸಿದವರಲ್ಲಿ ಒಬ್ಬ. ಅವನ ಕೆಲಸ ಗೆಲ್ಲೋದಲ್ಲ. ಕಾರಿನ ತುಂಬ ಬಿಡಿಭಾಗ ತುಂಬಿಕೊಂಡು ಮುಂದಿನ ಇಬ್ಬರ ಹಿಂದೆ ಓಡೋದು, ಅವರದು ಕೆಟ್ಟರೆ ಅಲ್ಲೇ ನಿಂತು ರಿಪೇರಿ ಮಾಡೋದು. ಸಾಫ್ಟ್‌ವೇರ್ ಮಂದಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ತಾನು ಬರೆದ ಕೋಡನ್ನ ತಾನೇ ಹೆಗಲ ಮೇಲೆ ಹೊತ್ತುಕೊಂಡು ಸಹಾರಾದಲ್ಲಿ ಆನ್‌ಕಾಲ್ ಮಾಡಿದವನು ಅವನು. ನಮಗೆ ರಾತ್ರಿ ಎರಡಕ್ಕೆ ಪೇಜರ್ ಬಡಿದರೆ ಪ್ರಪಂಚ ಮುಳುಗಿದ ಹಾಗೆ ಆಡ್ತೀವಿ. ಇಕ್ಸ್‌ನ ಕಾರಿನಲ್ಲಿ ವೈರೊಂದು ಸುಟ್ಟು ಅವನು 139ನೇ ಸ್ಥಾನಕ್ಕೆ ಬಿದ್ದ. ಒಂದು ವೈರು. ಅಲ್ಲಿಂದ ಮೇಲೇಳುತ್ತಾ ಮೇಲೇಳುತ್ತಾ ಡಕಾರ್ ಮುಟ್ಟುವ ಹೊತ್ತಿಗೆ 6ನೇ ಸ್ಥಾನಕ್ಕೆ ಬಂದ. ಕುಸ್‌ಮೌಲ್ 26ನೆಯವನಾದ. ಗೆದ್ದವನು ಎರಡನೇ ಕಾರಿನ ರೆನೆ ಮೆಟ್ಜ್. ನೆಲಕ್ಕೆ ಹೊಟ್ಟೆ ತಾಗಿಸುವ ಸ್ಪೋರ್ಟ್ಸ್ ಕಾರೊಂದು ಜೀಪುಗಳ ಅಂಗಳಕ್ಕೇ ಹೋಗಿ ಅವನ್ನ ಸೋಲಿಸಿತ್ತು. 1985ರಲ್ಲಿ ಮುಂದಿನ ಮಾದರಿ ತಂದು ಮೂರಕ್ಕೆ ಮೂರೂ ಕೈಕೊಟ್ಟವು. 1986ರಲ್ಲಿ 959 ಮೊದಲ, ಎರಡನೇ ಮತ್ತು ಆರನೇ ಸ್ಥಾನ ಹಿಡಿಯಿತು. ಆರನೆಯದು ಮತ್ತೆ ನಮ್ಮ ಕುಸ್‌ಮೌಲ್‌ದೇ.

ಮರಳು ಮತ್ತು ಎರಿ ಎರಡೂ ಗಾಲಿಯ ವೈರಿಗಳೇ, ಆದರೆ ವೈರದ ಬಗೆ ಬೇರೆ. ಮರಳಿನ ಕಣಕ್ಕೆ ಕಣ ಹಿಡಿದುಕೊಳ್ಳೋದಿಲ್ಲ. ಗಾಲಿ ಜೋರಾಗಿ ತಿರುಗಿದಷ್ಟೂ ತನ್ನ ಗುಂಡಿ ತಾನೇ ತೋಡುತ್ತೆ. ಅಲ್ಲಿ ಬೇಕಾದ್ದು ಒಂಟೆಯ ಪಾದ, ಅಗಲ, ಮೆತ್ತಗೆ. ಅದಕ್ಕೇ ಮರುಭೂಮಿಯ ಚಾಲಕರು ಟೈರಿನ ಗಾಳಿ ಅರ್ಧದಷ್ಟು ಇಳಿಸ್ತಾರೆ. ರಸ್ತೆ ಮೇಲೆ 30 ಪಿಎಸ್‌ಐ ಇದ್ದದ್ದು ದಿಬ್ಬದ ಹತ್ತಿರ 15ಕ್ಕೆ ಬರುತ್ತೆ, ಟೈರು ಚಪ್ಪಟೆಯಾಗಿ ನೆಲವನ್ನ ಉದ್ದಕ್ಕೆ ಅಪ್ಪಿಕೊಳ್ಳುತ್ತೆ. ಎರಿಯಲ್ಲಿ ಕಣಗಳು ಹಿಡಿದುಕೊಂಡಿರೋದೇ ತೊಂದರೆ. ಟೈರಿನ ಕಚ್ಚುಗಳೆಲ್ಲ ತುಂಬಿ ಅದು ಬೋಳಾಗುತ್ತೆ, ಕಾರು ಎಣ್ಣೆ ಹಚ್ಚಿದ ಕಟ್ಟೆ ಮೇಲೆ ಹೋದ ಹಾಗೆ ಹೋಗುತ್ತೆ. ಮೇಲಿನ ನಾಲ್ಕು ಬೆರಳು ಮಾತ್ರ ನೆನೆದಿದ್ದರೆ ಸಣ್ಣ ಗಾಲಿಯೇ ಮೇಲು, ಮೆತ್ತನೆಯದನ್ನ ಸೀಳಿ ಕೆಳಗಿನ ಗಟ್ಟಿ ನೆಲ ಮುಟ್ಟುತ್ತೆ. ನಮ್ಮ ಚಕ್ಕಡಿಯ ಗಾಲಿಗಳು ಆಳೆತ್ತರ ಇದ್ದು, ಅಂಚಿನ ಕಬ್ಬಿಣದ ಪಟ್ಟಿ ಮಾತ್ರ ಅಷ್ಟು ಸಣ್ಣಗಿರೋದರ ಹಿಂದೆ ಇದೇ ಲೆಕ್ಕ ಇದೆ ಅಂತ ನನ್ನ ಅನುಮಾನ. ಬಿಇನಲ್ಲಿ ನಾಲ್ಕು ವರ್ಷ ಓದಿದ ನನಗೆ ಈ ವಿಷಯ ಯಾವ ಸೆಮಿಸ್ಟರಿನಲ್ಲೂ ಬರಲಿಲ್ಲ. ಬಂದದ್ದು 2019ರ ಆಗಸ್ಟಿನಲ್ಲಿ.

ಆ ಆಗಸ್ಟು ನಿಮಗೂ ನೆನಪಿರಬೇಕು, ಅರ್ಧ ಕರ್ನಾಟಕ ನೀರಲ್ಲಿತ್ತು. ನವಿಲುತೀರ್ಥ ಅಣೆಕಟ್ಟು ತುಂಬಿ ಮಲಪ್ರಭೆಗೆ ನೀರು ಬಿಟ್ಟರು. ನಮ್ಮ ಸೀಮೆಯಲ್ಲಿ ಬೆಣ್ಣೆಹಳ್ಳವೂ ಅದಕ್ಕೆ ಬಂದು ಸೇರುತ್ತೆ. 2009ರಲ್ಲಿ ಹಿಂಗೇ ಆಗಿ, ಆಮೇಲೆ ಹೊಳೆದಂಡೆಯ ಊರುಗಳಿಗೆ ನವಗ್ರಾಮ ಅಂತ ಎತ್ತರದಲ್ಲಿ ಮನೆ ಕಟ್ಟಿಸಿದ್ದರು. ಅಪ್ಪ ಮಾತ್ರ ಹಳೇ ಮನೆ ಬಿಟ್ಟಿರಲಿಲ್ಲ. ಅವ್ವ ತಂಗಿಯ ಮನೆಯಲ್ಲಿದ್ದಳು. ಅಪ್ಪ ಎರಡು ಎಮ್ಮಿ, ಒಂದು ಕರು ಜೊತೆ ಊರಲ್ಲೇ. ಫೋನ್ ಹತ್ತುತ್ತಿರಲಿಲ್ಲ. ರಾತ್ರಿ ಬೆಂಗಳೂರು ಬಿಟ್ಟು ಬೆಳಗಿನ ಹೊತ್ತಿಗೆ ರೋಣಕ್ಕೆ ಬಂದೆ. ಅಲ್ಲಿಂದ ಮುಂದೆ ನನ್ನ ಸೆಡಾನ್ ಕಾರು ಹೋಗುವ ಮಾತೇ ಇರಲಿಲ್ಲ. ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿದೆ. ಕಾಕಾ ಟ್ರ್ಯಾಕ್ಟರ್ ತಂದಿದ್ದ, ಟ್ರೇಲರ್ ಬಿಚ್ಚಿಟ್ಟು.

ರಸ್ತೆ ಇರುವಷ್ಟು ದೂರ ಹೋದ್ವಿ. ಮುಂದೆ ರಸ್ತೆ ನೀರಿನೊಳಗಿತ್ತು. ಬಲಕ್ಕೆ ದಿಬ್ಬದ ಹೊಲಗಳು, ನೀರು ನಿಂತಿಲ್ಲ, ಆದರೆ ಎಂಟು ದಿನದ ಮಳೆಗೆ ನೆನೆದು ಹಿಟ್ಟಾಗಿವೆ. ಕಾಕಾ ಇಳಿದ. ಬದುವಿನಿಂದ ಒಂದು ಕಡ್ಡಿ ಮುರಿದುಕೊಂಡು ಹಿಂದಿನ ಗಾಲಿಯ ವಾಲ್ವ್ ಒತ್ತಿ ಹಿಡಿದು ಕೂತ. ಸುಯ್ ಅಂತ ಗಾಳಿ ಹೋಗ್ತಾನೇ ಇದೆ. ಮೀಟರಿಲ್ಲ, ಏನಿಲ್ಲ, ಟೈರಿನ ಹೊಟ್ಟೆ ಎಷ್ಟು ಉಬ್ಬಿತು ಅಂತ ಕಣ್ಣಲ್ಲೇ ಅಳತೆ. ನನಗೆ ಒಂದೊಂದು ನಿಮಿಷವೂ ಭಾರ.

"ಕಾಕಾ, ಹೊತ್ತಾಗತೈತಿ."

"ಗಾಳಿ ಇಳಸಬೇಕಪಾ ತಮ್ಮಾ. ಗಾಲಿ ಬಿರುಸಿದ್ರ ಮಣ್ಣ ಕಡೀತೈತಿ. ಮೆತ್ತಗಿದ್ರ ಮಣ್ಣ ಹಿಡೀತೈತಿ."

ಎರಡೂ ಕಡೆ ಇಳಿಸಿದ. ಆಮೇಲೆ ಒಂದೇ ಗೇರಿನಲ್ಲಿ, ಎಲ್ಲೂ ನಿಲ್ಲದೆ, ಎಲ್ಲೂ ಎಳೆಯದೆ ಹೊಲದಿಂದ ಹೊಲಕ್ಕೆ ಹೋದ. ನಿಂತರೆ ಕಥೆ ಮುಗೀತು ಅಂತ ಅವನಿಗೂ ಗೊತ್ತು, ಮರುಭೂಮಿಯ ಚಾಲಕರಿಗೂ ಗೊತ್ತು. ನೀರಿನೊಳಗಿನ ದಾರಿ ದಾಟಬೇಕಾದ ಕಡೆ ಎರಡೂ ಬದಿಯ ಜಾಲಿ ಗಿಡಗಳ ಸಾಲು ನೋಡಿಕೊಂಡು ನಡುವೆ ನುಗ್ಗಿಸಿದ. ನಾನು ಮಡ್‌ಗಾರ್ಡ್ ಮೇಲೆ ಕೂತು ಕಬ್ಬಿಣ ಬಿಗಿಯಾಗಿ ಹಿಡಿದಿದ್ದೆ. ಡಕಾರಿನಲ್ಲಿ ಪಕ್ಕ ಕೂತವನ ಕೆಲಸ ದಾರಿ ಹೇಳೋದು. ಇಲ್ಲಿ ಪಕ್ಕ ಕೂತವನಿಗೆ ಹೇಳೋದಕ್ಕೆ ಏನೂ ಗೊತ್ತಿರಲಿಲ್ಲ.

ಅಪ್ಪ ಊರ ಎತ್ತರದ ಗುಡಿಯ ಕಟ್ಟೆ ಮೇಲೆ ಇದ್ದ, ಎಮ್ಮಿಗಳೂ ಅಲ್ಲೇ ಇದ್ದವು. ಮೂರು ದಿನದ ಗಡ್ಡ. ನನ್ನ ನೋಡಿ ಮೊದಲು ಕೇಳಿದ್ದು, "ರಜಾ ಕೊಟ್ರೇನು?" ಬಾ ಅಂದರೆ ಎಮ್ಮಿ ಬಿಟ್ಟು ಬರೋದಿಲ್ಲ ಅಂದ. ಕಾಕಾನೂ ನಾನೂ ಒಂದು ತಾಸು ಜಗಳ ಮಾಡಿ, ಪಕ್ಕದ ಮನೆ ಹುಡುಗರು ಎಮ್ಮಿ ನೋಡಿಕೊಳ್ತೀವಿ ಅಂದ ಮೇಲೆ ಟ್ರ್ಯಾಕ್ಟರ್ ಹತ್ತಿದ. ಬಿಪಿ ಗುಳಿಗೆ ಮುಗಿದು ಎರಡು ದಿನ ಆಗಿತ್ತು ಅನ್ನೋದು ರೋಣದ ದವಾಖಾನೆಯಲ್ಲಿ ಗೊತ್ತಾಯಿತು. ಡಾಕ್ಟರು ಅಳತೆ ನೋಡಿ ನನ್ನ ಕಡೆ ನೋಡಿದರು, ಏನೂ ಅನ್ನಲಿಲ್ಲ. ಅವತ್ತಿನಿಂದ ನಮ್ಮನೆಯಲ್ಲಿ ಆಗಸ್ಟು ಬಂದರೆ ಗುಳಿಗೆಯ ಡಬ್ಬಿ ಎರಡಾಗುತ್ತೆ, ಒಂದು ಅಪ್ಪನ ಕಡೆ, ಒಂದು ಕಾಕಾನ ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿ.

ಕರ್ನಾಟಕದಿಂದ ಡಕಾರ್‌ಗೆ ಯಾರೂ ಹೋಗಿಲ್ಲವೇ ಅಂದರೆ, ಹೋಗಿದ್ದಾರೆ. ಕಾರಿನಲ್ಲಲ್ಲ, ಬೈಕಿನಲ್ಲಿ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿ ಪೂರ್ತಿ ಮಾಡಿದ ಮೊದಲ ಭಾರತೀಯರು. 36ನೇ ಸ್ಥಾನ. ಆಗ ರ‍್ಯಾಲಿ ದಕ್ಷಿಣ ಅಮೆರಿಕಕ್ಕೆ ಹೋಗಿತ್ತು. ಆ ವರ್ಷ ಬೊಲಿವಿಯಾದ ಉಯುನಿ ಉಪ್ಪಿನ ಬಯಲಿನ ಮೇಲೆ ಮಳೆ ನೀರು ನಿಂತು, ಉಪ್ಪು ನೀರು ಇಂಜಿನ್ನು, ವೈರಿಂಗು ಸೇರಿ ದೊಡ್ಡ ದೊಡ್ಡವರ ಬೈಕುಗಳೇ ಕೆಟ್ಟು ನಿಂತಿದ್ದವು. ನಮ್ಮ ಹುಡುಗರು ಐಪಿಎಲ್ ಸ್ಕೋರು ನೋಡುವ ಹಾಗೆ ನಾನು ಆ ಎರಡು ವಾರ ಆಫೀಸಿನಲ್ಲಿ ಕೂತು ಆ ಪಟ್ಟಿಯನ್ನ ಕೆಳಗಿನಿಂದ ಹುಡುಕುತ್ತಿದ್ದೆ. 2021ರ ಜನವರಿ 6ಕ್ಕೆ ಸೌದಿ ಅರೇಬಿಯಾದಲ್ಲಿ ನಾಲ್ಕನೇ ದಿನದ ಓಟದಲ್ಲಿ ಅವರು ಬಿದ್ದರು. ತಲೆಗೆ ಪೆಟ್ಟಾಗಿ ರಿಯಾದಿನ ಆಸ್ಪತ್ರೆಯಲ್ಲಿ ಕೋಮಾದಲ್ಲಿ ಇಡಬೇಕಾಯಿತು. ಬದುಕಿ ಊರಿಗೆ ಬಂದರು. ಬೆಂಗಳೂರಿನವರೇ ಆದ ಐಶ್ವರ್ಯಾ ಪಿಸ್ಸೆ 2019ರಲ್ಲಿ ಬಾಹಾ ರ‍್ಯಾಲಿಗಳ ಮಹಿಳಾ ವಿಶ್ವಕಪ್ ಗೆದ್ದರು. ಇವರ ಹೆಸರು ಕೇಳಿದರೆ ನಮ್ಮ ಟೀಮಿನ ಹತ್ತರಲ್ಲಿ ಎಂಟು ಜನ "ಯಾರು?" ಅಂತಾರೆ. ಕ್ರಿಕೆಟ್ ಬಿಟ್ಟು ಬೇರೇನೂ ನೋಡದ ದೇಶ ಇದು, ಬಿಡಿ.

ಅಭಿಮಾನದ ಇನ್ನೊಂದು ಮಗ್ಗುಲು ಹೇಳದಿದ್ದರೆ ಸರಿಯಲ್ಲ. ಸಬೀನ್ 1986ರ ಜನವರಿ 14ರಂದು ಮಾಲಿಯಲ್ಲಿ ಹೆಲಿಕಾಪ್ಟರ್ ಬಿದ್ದು ಸತ್ತ, ಜೊತೆಗಿದ್ದ ನಾಲ್ವರೂ ಸತ್ತರು. ಸವಾರರು ಸತ್ತಿದ್ದಾರೆ. ಅವರೆಲ್ಲ ಗೊತ್ತಿದ್ದೇ ಹೋದವರು. ಆದರೆ 1988ರಲ್ಲಿ ಮಾಲಿಯಲ್ಲಿ ರಸ್ತೆ ದಾಟುತ್ತಿದ್ದ ಹತ್ತು ವರ್ಷದ ಹುಡುಗಿಯೊಬ್ಬಳು ರ‍್ಯಾಲಿಯ ವಾಹನಕ್ಕೆ ಸಿಕ್ಕು ಸತ್ತಳು. ಅವಳು ಯಾವ ಫಾರ್ಮಿಗೂ ಸಹಿ ಹಾಕಿರಲಿಲ್ಲ. ಟಿವಿಯಲ್ಲಿ ಮರುಭೂಮಿ ಖಾಲಿ ಕಾಣಿಸುತ್ತೆ. ಖಾಲಿ ಅಲ್ಲ ಅದು. ಅಲ್ಲೂ ಊರಿದೆ, ಬಾವಿಯಿದೆ, ಆಡು ಮೇಯಿಸೋ ಹುಡುಗರಿದ್ದಾರೆ. ನನಗೆ ಈ ವಿಡಿಯೊಗಳಲ್ಲಿ ಧೂಳಿನ ಅಂಚಿಗೆ ನಿಂತ ಹುಡುಗರು ಕಂಡ ತಕ್ಷಣ ಕಾರಿನ ಮೇಲಿಂದ ಕಣ್ಣು ಜಾರುತ್ತೆ. ನಾವೂ ಹಾಗೇ ನಿಲ್ತಿದ್ವಿ. ಹೊಳೆಆಲೂರ ಕಡೆಯ ರಸ್ತೆಗೆ ಚುನಾವಣೆಯ ಹೊತ್ತಿಗೆ ಸಾಲು ಕಾರು ಬಂದರೆ ಹೊಲ ಬಿಟ್ಟು ಓಡಿ ಬಂದು ರಸ್ತೆಯ ಪಕ್ಕ ನಿಂತು ಕೈ ಬೀಸುತ್ತಿದ್ವಿ. ಯಾವುದೂ ನಿಲ್ಲುತ್ತಿರಲಿಲ್ಲ, ನಮಗದು ಬೇಜಾರೂ ಆಗ್ತಿರಲಿಲ್ಲ. ವೇಗ ಅಂದ್ರೆ ಏನು ಅಂತ ನೋಡೋದಕ್ಕೆ ಮಾತ್ರ ನಿಲ್ತಿದ್ವಿ. ಈಗ ನಾನು ಗಾಜಿನ ಒಳಗೆ ಕೂತು ಇಯರ್‌ಫೋನ್ ಹಾಕಿಕೊಂಡು ಅದನ್ನೇ ನೋಡ್ತೀನಿ. ರ‍್ಯಾಲಿ ನೋಡೋದು ಬಿಟ್ಟಿಲ್ಲ. ಬಿಡಬೇಕು ಅಂತಲೂ ಅನಿಸಿಲ್ಲ. ಆದರೆ ಊರಿನ ನಡುವೆ ವೇಗದ ಮಿತಿ ಹಾಕುವ ನಿಯಮ ಈಗ ಇದೆಯಲ್ಲ, ಅದನ್ನ ಮೀರಿದವನಿಗೆ ದಂಡ ಬಿದ್ದರೆ, ಅವನು ನನ್ನ ಮೆಚ್ಚಿನ ಚಾಲಕನೇ ಆಗಿರಲಿ, ಒಳಗೊಳಗೇ ಖುಷಿಪಡ್ತೀನಿ.

2022ರ ಕೊನೆಗೆ ಪೋರ್ಷೆಯವರು 1984ರ ನೆನಪಿಗೆ ಅಂತ 911 ಡಕಾರ್ ಅನ್ನೋ ಕಾರು ಬಿಟ್ಟರು. ಕೇವಲ 2,500. ಸ್ಪೋರ್ಟ್ಸ್ ಸಸ್ಪೆನ್ಷನ್ ಇರುವ 911ಗಿಂತ 50 ಮಿಲಿಮೀಟರ್ ಎತ್ತರ. ಬಟನ್ ಒತ್ತಿದರೆ ಇನ್ನೂ 30 ಏಳುತ್ತೆ. ಎದ್ದು ನಿಲ್ಲದೆ ಸುಮ್ಮನಿದ್ದಾಗ ಅದರ ಗ್ರೌಂಡ್ ಕ್ಲಿಯರೆನ್ಸ್ 161 ಮಿಲಿಮೀಟರ್. ನಮ್ಮ ಮಾರುತಿ ಆಲ್ಟೊ 800ದು 160. ಇದನ್ನ ಓದಿದ ದಿನ ನಾನು ಆಫೀಸಿನ ಪಾರ್ಕಿಂಗ್‌ನಲ್ಲಿ ಧೂಳು ಹಿಡಿದು ನಿಂತ ಆಲ್ಟೊ ಒಂದಕ್ಕೆ ಮನಸ್ಸಲ್ಲೇ ಸಲಾಂ ಹೊಡೆದೆ. ನಮ್ಮ ರಸ್ತೆಗಳಿಗೆ ಅಂತ ಮಾಡಿದ ಪ್ರತಿ ಕಾರೂ ಒಂದು ಮಟ್ಟಿಗೆ ರ‍್ಯಾಲಿ ಕಾರೇ.

ಅದೇ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಮುಳುಗಿತು. ಬೆಳ್ಳಂದೂರು, ಯಮಲೂರು, ಹೊರವರ್ತುಲ ರಸ್ತೆ. ಕೋಟಿ ಬೆಲೆಯ ಕಾರುಗಳು ಬೇಸ್‌ಮೆಂಟಿನಲ್ಲಿ ತೇಲಿದವು. ಲ್ಯಾಪ್‌ಟಾಪ್ ಬ್ಯಾಗು ಎದೆಗವಚಿಕೊಂಡ ಇಂಜಿನಿಯರುಗಳು ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತು ಆಫೀಸಿಗೆ ಹೋಗೋದನ್ನ ಟಿವಿಯವರು ದಿನವಿಡೀ ತೋರಿಸಿದರು. ಸಂಜೆ ಕಾಕಾನ ಫೋನು.

"ತಮ್ಮಾ, ನಿಮ್ಮ ಬೆಂಗಳೂರಾಗ ಟ್ರ್ಯಾಕ್ಟರ್ ಬಾಡಿಗಿ ಎಷ್ಟ ನಡದೈತಿ?"

ನಗಲಿಕ್ಕೆ ಕೇಳಿದನೋ ನಿಜವಾಗಿ ಕೇಳಿದನೋ ಗೊತ್ತಾಗಲಿಲ್ಲ. ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಲೆಕ್ಕ ಹಾಕ್ತಿದ್ದ ಅನ್ಸುತ್ತೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಕಾಕಾಗೆ 953ರ ಹಳೆಯ ವಿಡಿಯೊ ತೋರಿಸಿದೆ. ಕನ್ನಡಕ ಹಾಕಿಕೊಂಡು ಕಟ್ಟೆ ಮೇಲೆ ಕೂತು ನೋಡಿದ. ದಿಬ್ಬ ಹಾರುವ ಕಾರಿಗೆ ಅವನೇನೂ ಬೆರಗಾಗಲಿಲ್ಲ. "ಪೆಟ್ರೋಲ್ ಹಾಳು" ಅಂದ. ಒಂದು ಕಡೆ ಕಾರನ್ನ ಎತ್ತಿ ಹೊಟ್ಟೆ ರಿಪೇರಿ ಮಾಡೋದು ಬಂತು. ಅಲ್ಲಿ ನಿಲ್ಲಿಸು ಅಂದ. ಬೆರಳಿಟ್ಟು ತಳದ ಕವಚ ತೋರಿಸಿದ.

"ಇದು ತಗಡೇನು?"

"ಅಲ್ಯೂಮಿನಿಯಂ, ಕಾಕಾ. ಕಲ್ಲ ಬಡದ್ರ ಇಂಜಿನ್ನಿಗೆ ತಾಗಬಾರದು ಅಂತ."

"ಹೋದ ವರ್ಷ ಕಲ್ಲ ಬಡದು ನಮ್ಮದು ಎಣ್ಣಿ ಸೋರಿತ್ತು ನೋಡು." ಫೋನನ್ನ ಅಡ್ಡ ಹಿಡಿದ, ಉದ್ದ ಹಿಡಿದ. "ಹಿಂದ ಮಡಚ್ಯಾರ ನೋಡು, ರಾಡಿ ಒಳಗ ನಿಲ್ಲಬಾರದಂತ. ರೋಣದ ವೆಲ್ಡಿಂಗ್ ಹುಡುಗಗ ತೋರಸತೀನಿ. ಇದೊಂದು ಫೋಟೊ ವಾಟ್ಸಪ್ ಮಾಡು."

ಮಾಡಿದೆ.